ಕಾರಣ ಬರೆದು ಸಹಿ ಹಾಕಿ

ಧಾರವಾಡದ ಕಾನೂನು ಕಾಲೇಜೊಂದರಲ್ಲಿ ತೌಲನಿಕ ಕಾನೂನು ಎಂಬ ಒಂದು ಪತ್ರಿಕೆ ಇತ್ತು. ಅದನ್ನು ಕಲಿಸಲು ಹಿರಿಯರು ಯಾರೂ ಮುಂದೆ ಬರಲಿಲ್ಲ. ಹಾಗಾಗಿ ಅದು ಸುಜಾತಾಳ ಕೊರಳಿಗೆ ಬಿದ್ದಿತ್ತು. ಅದರಲ್ಲೂ ಸ್ಪೇನ್ ದೇಶದ ಭಾಗ ಬಂತೆಂದರೆ ಹಿಂದಿನ ಬೆಂಚುಗಳಲ್ಲಿ ಆಕಳಿಕೆ ಶುರುವಾಗುತ್ತಿತ್ತು. ನಾಳೆ ಹುಬ್ಬಳ್ಳಿ ಕೋರ್ಟಿನಲ್ಲಿ ಜಾಮೀನು ಅರ್ಜಿ ಹಾಕಿ ಹೊಟ್ಟೆ ಹೊರೆಯಬೇಕಾದ ನಮಗೆ ಸ್ಪೇನಿನ ಗೊಡವೆ ಯಾಕ್ರೀ ಮೇಡಂ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ಸುಜಾತಾಳಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದಾಗ ಅವಳು ಬಲು ಚೆನ್ನಾಗಿ ಕಲಿಸುತ್ತಿದ್ದಳು. ಅದು ಹುಡುಗರಿಗೂ ಗೊತ್ತಿದ್ದುದರಿಂದ ಬೇಕೆಂದೇ ಕೆಣಕುತ್ತಿದ್ದರು.

ಆ ಶುಕ್ರವಾರವೂ ಹಾಗೇ ಆಯಿತು. ಅವಳು ಪುಸ್ತಕ ಮುಚ್ಚಿ ಮೇಜಿಗೆ ಒರಗಿ ನಿಂತಳು. ಕಾದಿಸ್ ಎಂಬ ಸಮುದ್ರದಂಡೆಯ ಊರು. ಹೊರಗೆ ಫ್ರೆಂಚರ ತೋಪುಗಳು ಸಿಡಿಯುತ್ತಿವೆ, ಒಳಗೆ ಜನ ಕೂತು ಸಂವಿಧಾನ ಬರೆಯುತ್ತಿದ್ದಾರೆ. ೧೮೧೨ರ ಮಾತು. ಅಧಿಕಾರ ಯಾವ ಮನೆತನದ ಸೊತ್ತೂ ಅಲ್ಲ, ರಾಷ್ಟ್ರದ್ದು ಎಂದು ಬರೆದರು. ಫ್ರೆಂಚರ ಸೆರೆಯಲ್ಲಿದ್ದ ರಾಜ ತಿರುಗಿ ಬಂದವನೇ ಅದನ್ನು ರದ್ದು ಮಾಡಿ ಬರೆದವರನ್ನು ಜೈಲಿಗೆ ತಳ್ಳಿದ. ಜನ ಸುಮ್ಮನಾಗಲಿಲ್ಲ. ಆ ನೂರು ವರ್ಷದಲ್ಲಿ ಬರೆದದ್ದೆಷ್ಟೋ, ಹರಿದದ್ದೆಷ್ಟೋ. ೧೯೩೧ರಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಟ್ಟರು. ಆಮೇಲೆ ಒಬ್ಬ ಸರ್ವಾಧಿಕಾರಿ ಬಂದು ಕೂತ. ಅವನ ಕಾಲದಲ್ಲಿ ಗಂಡನ ಅಪ್ಪಣೆ ಇಲ್ಲದೆ ಹೆಂಡತಿ ಬ್ಯಾಂಕಿನಲ್ಲಿ ಖಾತೆ ತೆರೆಯುವಂತಿರಲಿಲ್ಲ. ಅವನು ಸತ್ತ ಮೇಲೆ ೧೯೭೮ರಲ್ಲಿ ಈಗಿರುವ ಸಂವಿಧಾನ ಬಂತು. ಅದರ ಹದಿನಾಲ್ಕನೆಯ ಕಲಮು ಎಲ್ಲರೂ ಸಮಾನರು ಎನ್ನುತ್ತದೆ, ಹೆಣ್ಣು ಗಂಡು ಎಂಬ ಭೇದ ಸಲ್ಲದು ಎನ್ನುತ್ತದೆ. ಅದೇ ಪುಸ್ತಕದ ಐವತ್ತೇಳನೆಯ ಕಲಮು ಸಿಂಹಾಸನಕ್ಕೆ ಮಗಳಿಗಿಂತ ಮಗ ಮುಂದೆ ಎನ್ನುತ್ತದೆ.

"ಹಂಗಾರ ಅವರೂ ನಮ್ಮಂಥವರ ಬಿಡ್ರಿ ಮೇಡಂ," ಎಂದಳು ಮೊದಲ ಬೆಂಚಿನ ಮಹೆಕ.

"ತಡಿ, ಮುಗದಿಲ್ಲ ಇನ್ನೂ," ಎಂದಳು ಸುಜಾತಾ. "ದೊಡ್ಡ ದೊಡ್ಡ ಮಾತು ಸಂವಿಧಾನದಾಗ ಇರತಾವ. ಅವನ್ನ ಗ್ವಾಡಿಗೆ ತೂಗ ಹಾಕಬಹುದು. ಅಡಗಿ ಮನಿತನಕ ಬರೂದು ಸಿವಿಲ್ ಕಾನೂನು. ಅದನ್ನ ಕೇಳ್ರಿ."

ಅವರ ಸಿವಿಲ್ ಸಂಹಿತೆ ೧೮೮೯ರದು. ಅದರ ಪ್ರಕಾರ ಅಪ್ಪ ಸಾಯುವಾಗ ತನ್ನ ಆಸ್ತಿಯನ್ನೆಲ್ಲ ಮನಸ್ಸಿಗೆ ಬಂದವರಿಗೆ ಬರೆದಿಡುವಂತಿಲ್ಲ. ಮೂರು ಪಾಲು ಮಾಡಬೇಕು. ಒಂದು ಪಾಲು ಎಲ್ಲ ಮಕ್ಕಳಿಗೂ ಸಮನಾಗಿ ಹೋಗಲೇಬೇಕು. ಇನ್ನೊಂದರಲ್ಲಿ ಬೇಕಾದ ಮಗನಿಗೋ ಮಗಳಿಗೋ ಹೆಚ್ಚು ಕೊಡಬಹುದು. ಮೂರನೆಯದು ಮಾತ್ರ ಅವನ ಇಷ್ಟ. ಮಗಳಿಗೆ ಏನೂ ಇಲ್ಲ ಎನ್ನಬೇಕಾದರೆ ಅಪ್ಪ ಮೃತ್ಯುಪತ್ರದಲ್ಲೇ ಕಾರಣ ಬರೆಯಬೇಕು. ಅದೂ ಕಾನೂನು ಒಪ್ಪಿದ ಕಾರಣ. ಅಪ್ಪನಿಗೆ ಅನ್ನ ಹಾಕಲಿಲ್ಲ, ಕೈ ಮಾಡಿದಳು, ಬಾಯಿಗೆ ಬಂದಂತೆ ಬೈದಳು, ಇಂಥವು. ಮಗಳು ಸುಳ್ಳು ಎಂದರೆ ಸಾಬೀತು ಮಾಡುವ ಭಾರ ಆಸ್ತಿ ಪಡೆದವರ ಮೇಲೆ. ಅಪ್ಪ ಬದುಕಿದ್ದಾಗಲೇ ಮಗಳಿಂದ ನನಗೆ ಪಾಲು ಬೇಡ ಎಂದು ಬರೆಸಿಕೊಂಡರೆ ಆ ಕಾಗದ ಊರ್ಜಿತವಲ್ಲ.

"ಅಪರಾಧದ ಕಾನೂನಿನಾಗ ಒಂದು ಮಾತು ಓದೇವಿ. ಕಾನೂನು ಮೊದಲ ಹೆಸರು ಹೇಳಲಾರದ ತಪ್ಪಿಗೆ ಶಿಕ್ಷಾ ಇಲ್ಲ. ಸ್ಪೇನಿನವರು ಆ ಮಾತನ್ನ ಅಪ್ಪಗೂ ಹಚ್ಚ್ಯಾರ. ಮಗಳನ್ನ ಹೊರಗ ಹಾಕೂದು ಶಿಕ್ಷಾ. ಶಿಕ್ಷಾ ಕೊಡಾಂವ ತಪ್ಪಿನ ಹೆಸರು ಹೇಳಬೇಕು," ಎಂದಳು.

"ಇಡೀ ಸ್ಪೇನ್ ತುಂಬ ಹಿಂಗ ಏನ್ರಿ?" ಎಂದು ಹಿಂದಿನ ಬೆಂಚಿನ ಒಬ್ಬ ಕೇಳಿದ.

ಸುಜಾತಾ ಪ್ರಾಮಾಣಿಕಳು. ಇಲ್ಲ ಎಂದಳು. ಕೆಲವು ಪ್ರಾಂತಗಳಿಗೆ ತಮ್ಮದೇ ಹಳೆಯ ಕಾನೂನಿದೆ. ನವಾರಾ ಎಂಬಲ್ಲಿ ಮಕ್ಕಳ ಪಾಲು ಎಂದು ಐದು ಸವಕಲು ನಾಣ್ಯ, ಗುಡ್ಡದಲ್ಲೊಂದು ತುಂಡು ನೆಲ ಎಂದು ಹೆಸರಿಗೆ ಬರೆದರೆ ಸಾಕು, ನಿಜವಾಗಿ ಕೊಡಬೇಕೆಂದೂ ಇಲ್ಲ.

"ನಮಗ ಸೀರಿ ಕೊಟ್ಟು ಕಳಸೂದಿಲ್ಲೇನ್ರಿ, ಹಂಗ," ಎಂದಳು ಮಹೆಕ. ಹುಡುಗಿಯರೆಲ್ಲ ನಕ್ಕರು. ಸುಜಾತಾಳೂ ನಕ್ಕಳು.

ಅಂದು ಸಂಜೆ ಅವಳು ಮಾಳಮಡ್ಡಿಯ ತನ್ನ ಬಾಡಿಗೆ ಮನೆಗೆ ಬಂದು ಚಪ್ಪಲಿ ಬಿಡುತ್ತಿರುವಾಗ ಅಪ್ಪನ ಫೋನು ಬಂತು. ರವಿವಾರ ಬಾ ಎಂದರು. ಹುಬ್ಬಳ್ಳಿ ಬೈರಿದೇವರಕೊಪ್ಪದ ಮನೆಯನ್ನು ಅವಳ ತಮ್ಮ ಪ್ರಬುದ್ಧನ ಹೆಸರಿಗೆ ಮೃತ್ಯುಪತ್ರ ಮಾಡಿಸುತ್ತಿದ್ದಾರಂತೆ. ಬಾಂಡ್ ರೈಟರ್ ನೀಲಪ್ಪ ಕರಡು ತರುತ್ತಾನಂತೆ. ಅದರ ಕೆಳಗೆ ತನ್ನ ಸಮ್ಮತಿ ಇದೆ, ತಕರಾರು ಇಲ್ಲ ಎಂದು ಸುಜಾತಾ ಸಹಿ ಹಾಕಬೇಕಂತೆ. "ಒಂದು ಸಹಿ ಯವ್ವಾ. ನಿಮ್ಮ ದುರಗವ್ವತ್ತಿ ನಿನಗ ಉಡಿ ತುಂಬತಾಳ. ಸೀರಿ ತಂದೇನಿ, ಛಲೋದು ಐತಿ," ಎಂದರು.

ನಗು ಬರಬೇಕಿತ್ತು, ಬರಲಿಲ್ಲ. ಬಿಟ್ಟ ಚಪ್ಪಲಿಯನ್ನು ಕಾಲಿನಿಂದಲೇ ಮೂಲೆಗೆ ಒದ್ದಳು.

ಅವಳ ಅಪ್ಪ ಉದಯಕುಮಾರ ಯಾರೋ ಹಳೆಗಾಲದ ಗೌಡನಾಗಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟರಾಗಿ ನಿವೃತ್ತರಾದ ಮನುಷ್ಯ. ಹರೆಯದಲ್ಲೇ ಬೌದ್ಧ ದೀಕ್ಷೆ ಪಡೆದು ಮನೆಯ ಪೂಜೆ, ಹರಕೆ, ಶಾಂತಿ ಎಲ್ಲವನ್ನೂ ಒಂದೇ ದಿನ ನಿಲ್ಲಿಸಿದವರು. ಸಂವಿಧಾನ ದಿನ ಬಂತೆಂದರೆ ಓಣಿಓಣಿ ತಿರುಗಿ ಪೀಠಿಕೆ ಓದಿಸುವವರು. ಸಮಾನತೆ ಎಂಬ ಪದ ಬಂದಾಗ ಅವರ ದನಿ ಏರುತ್ತಿತ್ತು. ಮಗಳು ಕಾನೂನು ಓದುತ್ತೇನೆ ಎಂದಾಗ ಸಾಲ ಮಾಡಿ ಓದಿಸಿದ್ದರು. ಅಂಥವರು ಎಲ್ಲ ಶಾಸ್ತ್ರ ಬಿಟ್ಟು ಉಡಿ ತುಂಬುವುದೊಂದನ್ನು ಮಾತ್ರ ಇಟ್ಟುಕೊಂಡಿದ್ದರು. ಅದು ಧರ್ಮ ಅಲ್ಲ, ಪದ್ಧತಿ ಎಂಬುದು ಅವರ ಸಮಜಾಯಿಷಿ. ಹೆಣ್ಣುಮಕ್ಕಳನ್ನು ಸಾಗಹಾಕಲು ಮಾತ್ರ ಪದ್ಧತಿ ಚೆನ್ನಾಗಿ ನೆನಪಿರುತ್ತದೆ.

ರವಿವಾರ ಚಿಗರಿ ಬಸ್ಸು ಹತ್ತಿ ಅವಳು ಬೈರಿದೇವರಕೊಪ್ಪಕ್ಕೆ ಬಂದಳು. ದಾರಿಯುದ್ದಕ್ಕೂ ಯೋಚಿಸಿದಳು. ಮನೆ ಅಪ್ಪ ಸ್ವಂತ ದುಡಿದು ಕಟ್ಟಿಸಿದ್ದು. ನಮ್ಮ ಕಾನೂನಿನ ಪ್ರಕಾರ ಅದನ್ನು ಅವರು ಯಾರಿಗೆ ಬೇಕಾದರೂ ಬರೆದಿಡಬಹುದು. ಕೋರ್ಟಿಗೆ ಹೋಗಿ ಅವಳು ಏನನ್ನೂ ಕಿತ್ತುಕೊಳ್ಳಲಾರಳು, ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ. ಆದರೆ ಸಹಿ? ತಾನು ಈ ಮನೆಗೆ ಏನೂ ಆಗಬೇಕಾಗಿಲ್ಲ, ಅದು ನ್ಯಾಯವೇ ಎಂದು ತನ್ನ ಕೈಯಿಂದಲೇ ಬರೆದುಕೊಡುವುದು? ಅದನ್ನು ಮಾಡಿ ಸೋಮವಾರ ಮಹೆಕಳ ಮುಂದೆ ಯಾವ ಮುಖದಿಂದ ನಿಲ್ಲಬೇಕು?

ಪಡಸಾಲೆಯಲ್ಲಿ ನೀಲಪ್ಪ ಆಗಲೇ ಚಹಾ ಕುಡಿಯುತ್ತಿದ್ದ. ಪ್ರಬುದ್ಧ ಮೂಲೆಯಲ್ಲಿ ಕುರ್ಚಿಯ ತುದಿಗೆ ಕೂತಿದ್ದ. ಅವನಿಗೆ ತಾರಿಹಾಳದಲ್ಲಿ ಒಂದು ಚಿಕ್ಕ ಲೇತ್ ವರ್ಕ್‌ಶಾಪು. ಯಂತ್ರದ ಮುಂದೆ ಹುಲಿ, ಅಪ್ಪನ ಮುಂದೆ ಇಲಿ. ತಾಯಿ ತೀರಿಕೊಂಡ ಮೇಲೆ ಮನೆ ನೋಡಿಕೊಳ್ಳುತ್ತಿದ್ದವಳು ಅಪ್ಪನ ಅಕ್ಕ ದುರಗವ್ವ. ಅವಳು ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಖಣ, ಸೀರೆಗಳನ್ನು ಒಂದು ಹರಿವಾಣದಲ್ಲಿ ಜೋಡಿಸಿ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಸಾಕ್ಷಿಯಾಗಿ ಅವಳದೂ ಒಂದು ಹೆಬ್ಬೆಟ್ಟು ಬೇಕಾಗಿತ್ತು.

ಸುಜಾತಾ ಒಳಗೆ ಬಂದವಳೇ ಕೂರಲಿಲ್ಲ.

"ಅಪ್ಪಾ, ಮನಿ ನಿಮ್ದು. ಯಾರಿಗರೆ ಬರೀರಿ, ನಾ ಕೋರ್ಟಿಗೆ ಹೋಗೂದಿಲ್ಲ. ಸಹಿ ಮಾತ್ರ ಹಾಕೂದಿಲ್ಲ," ಎಂದಳು.

ನೀಲಪ್ಪ ಚಹಾದ ಬಟ್ಟಲನ್ನು ಬಾಯಿಯಿಂದ ಇಳಿಸಿದ. ಉದಯಕುಮಾರ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಚೇರಿಯಲ್ಲಿ ಎದುರು ಮಾತಾಡಿದ ಗುಮಾಸ್ತರನ್ನು ಮಣಿಸಲು ಅವರು ಹೀಗೇ ಮಾಡುತ್ತಿದ್ದರಂತೆ.

"ಕೋರ್ಟಿಗೆ ಹೋಗಾಕಿ ಅಲ್ಲಂದ ಮ್ಯಾಲ ಸಹಿ ಹಾಕಾಕ ಏನು ಧಾಡಿ?"

"ಕಾನೂನಿನ ಪ್ರಕಾರ ನನ್ನ ಸಹಿ ಬೇಕಾಗಿಲ್ಲ. ಮತ್ತ ಯಾಕ ಕೇಳಾಕತ್ತೀರಿ?"

"ನಾಳೆ ಮಂದಿ ಏನೂ ಅನಬಾರದು, ಅದಕ್ಕ."

"ಅದ ನೋಡ್ರಿ. ಮನಿ ತಮ್ಮಗ ಕೊಡೂದು ನಿಮ್ಮ ಹಕ್ಕು. ಅದು ಸರಿ ಐತಿ ಅಂತ ನನ್ನ ಕಡಿಂದ ಹೇಳಿಸೂದು ನಿಮ್ಮ ಹಕ್ಕಲ್ಲ."

ಪ್ರಬುದ್ಧ ಎದ್ದು ಬಂದು ಅವಳ ಪಕ್ಕ ನಿಂತು ತಗ್ಗಿದ ದನಿಯಲ್ಲಿ, "ಅಕ್ಕಾ, ಖರೇ ಹೇಳತೇನಿ, ನನಗೇನೂ ಬ್ಯಾಡ," ಎಂದ.

"ಬ್ಯಾಡಾಗಿದ್ರ ಅಪ್ಪಗ ಹೇಳು. ನನ್ನ ಕಿವ್ಯಾಗ ಯಾಕ ಹೇಳತಿ?" ಎಂದಳು. ಅವನು ಹೋಗಿ ಮತ್ತೆ ಕುರ್ಚಿಯ ತುದಿಗೆ ಕೂತ.

ಉದಯಕುಮಾರರ ಮುಖ ಕೆಂಪಗಾಯಿತು. ಮಗಳು ವಾದ ಮಾಡುವುದು ಅವರಿಗೆ ಹೊಸದಲ್ಲ, ಅವರೇ ಕಲಿಸಿದ್ದು. ಆದರೆ ಕಲಿಸಿದ್ದು ಹೊರಗಿನವರ ಮೇಲೆ ಪ್ರಯೋಗಿಸಲಿ ಎಂದು. "ಸಹಿ ಇಲ್ಲ ಅಂದ್ರ ಈ ಹೊಸ್ತಲಾ ದಾಟಿ ಮತ್ತ ಬರಬ್ಯಾಡ. ನನಗ ಒಬ್ಬಾಂವ ಮಗ ಅಂತ ತಿಳಕೋತೇನಿ," ಎಂದುಬಿಟ್ಟರು.

ಮಾತು ಬಿದ್ದ ಕೂಡಲೇ ದುರಗವ್ವನ ಕೈ ಹರಿವಾಣದ ಮೇಲೆಯೇ ನಿಂತಿತು. ಅಪ್ಪನಿಲ್ಲದ ಹುಬ್ಬಳ್ಳಿಯನ್ನು ಸುಜಾತಾ ಎಂದೂ ಯೋಚಿಸಿರಲಿಲ್ಲ. ಒಂದು ಕ್ಷಣ ಪೆನ್ನು ತೆಗೆದು ಗೀಚಿ, ಸೀರೆ ಎತ್ತಿಕೊಂಡು, ಅಪ್ಪನನ್ನು ಉಳಿಸಿಕೊಂಡು ಹೋಗಿಬಿಡಲೇ ಎನಿಸಿತು. ಮರುಕ್ಷಣವೇ ಆ ಯೋಚನೆಗೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆಗ ಅವಳು ಕುರ್ಚಿ ಎಳೆದುಕೊಂಡು ಅಪ್ಪನ ಎದುರು ಕೂತಳು.

"ಆತ್ರಿ. ಸಹಿ ಹಾಕ್ತೇನಿ. ಒಂದು ಕರಾರು ಐತಿ. ನಾ ಪಾಠ ಮಾಡೂ ದೇಶದಾಗ ಅಪ್ಪ ಮಗಳನ್ನ ಹೊರಗ ಹಾಕಬೇಕಾದ್ರ ಮೃತ್ಯುಪತ್ರದಾಗ ಕಾರಣ ಬರೀಬೇಕು. ನೀವೂ ಬರೀರಿ. ಬರದು ಕೆಳಗ ನಿಮ್ಮ ಸಹಿ ಹಾಕ್ರಿ. ಅದರ ಕೆಳಗ ನಾನೂ ಹಾಕ್ತೇನಿ."

"ಯಾವ ದೇಶ?"

"ಸ್ಪೇನ್."

ಉದಯಕುಮಾರ ಗಹಗಹಿಸಿ ನಕ್ಕರು. "ರಾಜನ ಕಾಲ ಕೆಳಗ ಇರೂ ದೇಶ ಅದು! ಗಣರಾಜ್ಯದಾಗ ಹುಟ್ಟಿದಾಕಿ ನೀ, ರಾಜ ಇರೂ ಊರಿನ ಕಾನೂನು ನನಗ ಕಲಸಾಕ ಬಂದಿ?"

"ಹೌದ್ರಿ, ರಾಜ ಅದಾನ. ಮಗಳಿಗಿಂತ ಮಗ ಮುಂದ ಅಂತ ಅವರ ಸಂವಿಧಾನದಾಗ ಇನ್ನೂ ಬರದೈತಿ. ಆದ್ರ ಅದು ಸಿಂಹಾಸನಕ್ಕಷ್ಟ. ಮಂದಿ ಮನಿಗೆ ಇಲ್ಲ. ನಮ್ಮ ಮನ್ಯಾಗ ಸಿಂಹಾಸನ ಎಲ್ಲೈತ್ರಿ ಅಪ್ಪಾ? ತೋರಸ್ರಿ, ನೋಡೂಣು."

ನೀಲಪ್ಪ ನಗು ತಡೆಯಲಾರದೆ ಕೆಮ್ಮಿದ. ಉದಯಕುಮಾರರ ನಗು ನಿಂತಿತು.

"ಅವರ ಕಾನೂನಿನಾಗ ಕಾರಣ ಏನೇನು ಅದಾವ ಹೇಳತೇನಿ," ಎಂದು ಸುಜಾತಾ ಮುಂದುವರಿದಳು. ಕ್ಲಾಸಿನ ದನಿ ಅವಳಿಗೆ ತಾನಾಗಿ ಬಂದಿತ್ತು. "ನಾ ನಿಮಗ ಅನ್ನ ಹಾಕಲಿಲ್ಲೇನು? ಅವ್ವ ಹ್ವಾದ ಮ್ಯಾಲ ನೀವು ದವಾಖಾನ್ಯಾಗ ಇದ್ದಾಗ ಬುತ್ತಿ ಹೊತ್ತಾಕಿ ಯಾರು?"

"ನೀನ. ಇಲ್ಲಂದೇನಾ?"

"ಕೈ ಮಾಡೇನೇನು?"

"ಏ, ಏನು ಮಾತು ಅಂತ ಆಡತಿ!"

"ಬಾಯಿಗೆ ಬಂದಂಗ ಬೈದೇನೇನು?"

"ಈಗ ಮಾಡಾಕತ್ತಿದ್ದೇನು ಮತ್ತ? ಮಂದಿ ಮುಂದ ಕುಂದ್ರಿಸಿ ಮಾನಾ ಕಳ್ಯಾಕತ್ತಿ."

"ಛಲೋ ಆತು, ಅದನ್ನ ಬರೀರಿ. ಕಾರಣ ಕೇಳಿದ್ಲು, ಅದ ಆಕಿ ಮಾಡಿದ ಅವಮಾನ ಅಂತ ಬರೀರಿ. ನೀಲಪ್ಪಣ್ಣಾ, ಪೆನ್ನು ಕೊಡ್ರಿ ಅವರಿಗೆ."

ನೀಲಪ್ಪ ಪೆನ್ನು ಹಿಡಿದು ಅತ್ತ ಕೊಡಲೋ ಬೇಡವೋ ಎಂದು ನೋಡಿದ. ಅವನ ಅನುಭವದಲ್ಲಿ ಹೆಣ್ಣುಮಕ್ಕಳು ಅಳುತ್ತಿದ್ದರು, ಇಲ್ಲವೆ ಸೀರೆಯ ಸೆರಗಿನ ಬಣ್ಣ ಸರಿಯಿಲ್ಲ ಎನ್ನುತ್ತಿದ್ದರು. "ಸಾಹೇಬ್ರ, ಕರಡಿನಾಗ ಕಾರಣದ ಜಾಗಾನ ಇಲ್ಲರಿ. ನಮ್ಮ ಕಡೆ ಯಾರೂ ಬರಸೂದಿಲ್ಲ," ಎಂದ.

"ಜಾಗಾ ಇಲ್ಲದಿದ್ರ ಮಾಡೂಣು," ಎಂದು ಸುಜಾತಾ ಕರಡಿನ ಕೊನೆಯ ಹಾಳೆಯನ್ನು ತಿರುಗಿಸಿ ಖಾಲಿ ಬದಿಯನ್ನು ಅಪ್ಪನ ಮುಂದಿಟ್ಟಳು.

ಉದಯಕುಮಾರರು ಹಿಂಜರಿಯುವ ಪೈಕಿಯವರಲ್ಲ. ಸವಾಲು ಎಂದರೆ ಅವರಿಗೆ ಹಸಿವೆ ಮರೆಯುತ್ತದೆ. ಇಡೀ ಆಯುಷ್ಯ ಕಚೇರಿಯಲ್ಲಿ ಕಾಗದ ಬರೆದವರು, ಒಂದು ಕಾರಣ ಬರೆಯಲಾರರೇ? ನೀಲಪ್ಪನ ಕೈಯಿಂದ ಪೆನ್ನು ಕಸಿದುಕೊಂಡರು. "ಕಾರಣ ಬೇಕಲ್ಲ? ಬರೀತೇನಿ. ಮುಚ್ಚಿಡೂದು ಏನೈತಿ ಇದರಾಗ? ಜಗತ್ತಿಗೆ ಗೊತ್ತಿದ್ದದ್ದ," ಎಂದು ಬರೆಯತೊಡಗಿದರು. ದುಂಡನೆಯ ಅಕ್ಷರ, ಎಲ್ಲೂ ಚಿತ್ತು ಇಲ್ಲ. ಎರಡು ಸಾಲು ಬರೆದು ಪೆನ್ನು ಎತ್ತಿದರು.

ಬರೆದದ್ದನ್ನು ಗಟ್ಟಿಯಾಗಿ ಓದದೆ ಅವರು ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಕಣ್ಣಿಗೆ ಕಾಣದ ತಪ್ಪು ಕಿವಿಗೆ ಕೇಳುತ್ತದೆ ಎಂದು ಕಚೇರಿಯ ಗುಮಾಸ್ತರಿಗೆಲ್ಲ ಹೇಳಿ ಹೇಳಿ ರೂಢಿ ಮಾಡಿಸಿದ್ದರು. ಈಗಲೂ ಹಾಳೆಯನ್ನು ಕಣ್ಣಿಗೆ ಹಿಡಿದು, ಗಂಟಲು ಸರಿಮಾಡಿಕೊಂಡು ಓದಿದರು.

"ನನ್ನ ಮಗಳಾದ ಸುಜಾತಾ ಇವಳಿಗೆ ಸದರಿ ಮನೆಯಲ್ಲಿ ಯಾವುದೇ ಪಾಲು ಇರುವುದಿಲ್ಲ. ಕಾರಣ, ಸದರಿಯವಳು ಹೆಣ್ಣಾಗಿ ಹುಟ್ಟಿದ..."

ಅಲ್ಲಿಗೆ ನಿಂತರು. ಮುಂದಿನ ಶಬ್ದ ಕಾಗದದ ಮೇಲಿತ್ತು, ಬಾಯಿಗೆ ಬರಲಿಲ್ಲ. ಮತ್ತೊಮ್ಮೆ ಮೊದಲಿಂದ ಓದಿದರು. ಮತ್ತೆ ಅದೇ ಜಾಗದಲ್ಲಿ ದನಿ ಸಿಕ್ಕಿಕೊಂಡಿತು.

ಇಷ್ಟು ಹೊತ್ತೂ ಮಾತಾಡದ ದುರಗವ್ವ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು.

"ಉದಯಾ, ನಿನ್ನ ಕೈ ಹಿಡಕೊಂಡು ಸಾಲಿಗೆ ಕರಕೊಂಡು ಹೋದಾಕಿ ನಾ. ನಿನ್ನ ಹೊರಗ ಕಟ್ಟಿಮ್ಯಾಗ ಕುಂದರಿಸಿದ್ರು. ಎಲ್ಲಾರೂ ಒಳಗ ಅದಾರ, ನಮ್ಮ ತಮ್ಮ ಯಾಕ ಹೊರಗರಿ ಅಂತ ನಾ ಮಾಸ್ತರಗ ಕೇಳಿದ್ದೆ. ಏನು ತಪ್ಪು ಮಾಡ್ಯಾನ ಅಂತ ಕೇಳಿದ್ದೆ. ಏನೂ ಮಾಡಿಲ್ಲ, ಹುಟ್ಟ್ಯಾನಲ್ಲ ಆ ಕೇರ್ಯಾಗ, ಅದಕ್ಕ ಅಂದಿದ್ದ ಆ ಮಾಸ್ತರ. ನೀ ಮನಿಗೆ ಬಂದು ಊಟಾ ಬಿಟ್ಟು ಅತ್ತಿದ್ದಿ. ಇವತ್ತ ನಿನ್ನ ಬಾಯಾಗ ಅದ ಮಾತು ಬಂತಲ್ಲೋ ತಮ್ಮಾ."

ಹೊರಗೆ ಓಣಿಯಲ್ಲಿ ಸೊಪ್ಪಿನವಳು ಕೂಗುತ್ತ ಹೋದಳು. ಉದಯಕುಮಾರ ಹಾಳೆಯನ್ನು ಕೆಳಗಿಟ್ಟರು.

"ಹೆಬ್ಬೆಟ್ಟು ಕೇಳಿದ್ದಿ ನನಗ. ಇದಕ್ಕ ನಾ ಒತ್ತೂದಿಲ್ಲ," ಎಂದಳು ದುರಗವ್ವ. "ಅಪ್ಪನ ಹೊಲದ ಕಾಗದಕ್ಕ ಒಂದ ಸಲ ಒತ್ತೇನಿ, ನಿನ್ನ ಸಲುವಾಗಿ ನನ್ನ ಪಾಲು ಬಿಟ್ಟು. ಆವಾಗ ನನಗೂ ಯಾರೂ ಕಾರಣ ಹೇಳಲಿಲ್ಲ. ನನಗ ಕೇಳಾಕೂ ತಿಳೀಲಿಲ್ಲ. ಈಕಿಗೆ ತಿಳದೈತಿ."

ಸುಜಾತಾಳಿಗೆ ಅತ್ತೆಯ ಹೊಲದ ಮಾತು ಗೊತ್ತೇ ಇರಲಿಲ್ಲ. ಅಪ್ಪನ ಮುಖ ನೋಡಿದಳು. ಅಷ್ಟು ದೊಡ್ಡ ಮನುಷ್ಯ ಕುರ್ಚಿಯಲ್ಲಿ ಕುಗ್ಗಿ ಹೋಗಿದ್ದರು. ಕಟ್ಟೆಯ ಮೇಲೆ ಕೂತ ಆ ಹುಡುಗನನ್ನು ಎತ್ತಿಕೊಂಡು ಸಮಾಧಾನ ಮಾಡಬೇಕು ಎನಿಸಿತು. ಸಾಕು ಬಿಡ್ರಿ ಅಪ್ಪಾ, ಹರದು ಒಗೀರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿದಳು. ಇಲ್ಲಿ ತಾನು ಸಡಿಲ ಬಿಟ್ಟರೆ ನಾಳೆ ಇದೇ ಕಾಗದ ಕಾರಣದ ಸಾಲಿಲ್ಲದೆ ಮತ್ತೊಮ್ಮೆ ಬರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಚೀಲದಿಂದ ತನ್ನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಕೈಯಲ್ಲಿ ಹಿಡಿದು ಕೂತಳು.

"ಸಹಿ ಹಾಕ್ರಿ ಅಪ್ಪಾ. ನಾ ಮಾತಿಗೆ ತಪ್ಪಾಕಿ ಅಲ್ಲ. ನಿಮ್ಮ ಸಹಿ ಬಿದ್ದ ಮ್ಯಾಲ ನನ್ನ ಸಹಿ," ಎಂದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

ಉದಯಕುಮಾರ ಪೆನ್ನನ್ನು ಹಾಳೆಯ ಮೇಲೆ ತಂದರು. ನಿಬ್ಬು ಕಾಗದಕ್ಕೆ ತಾಗಿ ಒಂದು ಚುಕ್ಕೆ ಮೂಡಿತು. ಸಾವಿರಾರು ಕಾಗದಗಳಿಗೆ ತಡವರಿಸದೆ ಸಹಿ ಎಳೆದ ಕೈ ಆ ಚುಕ್ಕೆ ದಾಟಿ ಮುಂದೆ ಹೋಗಲಿಲ್ಲ. ಕೊನೆಗೆ ಪೆನ್ನನ್ನು ನೀಲಪ್ಪನ ಮುಂದೆ ಇಟ್ಟರು.

"ನೀಲಪ್ಪಾ, ಇದರ ಕೆಳಗ ನನ್ನ ಹೆಸರು ಬರೂದಿಲ್ಲ."

"ಹಂಗಾರ ಕಾರಣದ ಸಾಲು ತಗದು ಬರಕೊಂಡು ಬರಲೇನ್ರಿ ಸಾಹೇಬ್ರ?"

"ಸಾಲು ತಗದ್ರ ಕಾರಣ ಹೋಗತೈತೇನು?" ಎಂದು ಉದಯಕುಮಾರ ಗುಡುಗಿದರು. ನೀಲಪ್ಪ ಕಾಗದಗಳನ್ನು ಕೂಡಿಸಿಕೊಂಡು, ಉಳಿದ ಚಹಾ ಕುಡಿಯದೆ ಎದ್ದು ಹೋದ.

ಪ್ರಬುದ್ಧ ಎದ್ದು ನಿಂತಿದ್ದ. "ಅಪ್ಪಾ, ನನಗ ಬ್ಯಾಡ ಇದು," ಎಂದ. ಈ ಸಲ ಎಲ್ಲರಿಗೂ ಕೇಳುವಂತೆ ಹೇಳಿದ. ಉದಯಕುಮಾರ ಅವನ ಕಡೆ ನೋಡಲಿಲ್ಲ. ಮಗಳ ಕಡೆಗೂ ನೋಡದೆ, ಕಿಟಕಿಯ ಕಡೆ ಮುಖ ಮಾಡಿ ಹೇಳಿದರು.

"ಗೆದ್ದೆ ಅಂತ ತಿಳೀಬ್ಯಾಡ."

"ನಾ ಗೆಲ್ಲಾಕ ಬಂದಿಲ್ಲರಿ ಅಪ್ಪಾ. ನಮ್ಮ ಮನಿಗೆ ಬಂದೇನಿ," ಎಂದು ಸುಜಾತಾ ಒಳಗೆ ಹೋಗಿ, ಯಾರಾದರೂ ಬಡಿಸುವುದನ್ನು ಕಾಯದೆ, ತಾಟು ತೊಳೆದುಕೊಂಡು ಊಟಕ್ಕೆ ಕೂತಳು.